ಕಾಳಿನ ಉಂಡೆಯೂ ಪರದೇಶದ ಹೆಸರೂ



ಕಳೆದ ತಿಂಗಳು ಶಿಡ್ಲಘಟ್ಟದ ಕಡೆಯ ತಾಯಿಯೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದರು. ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಲಿಂಗದೀಕ್ಷೆ, ನಾಮಕರಣ, ಗೃಹಪ್ರವೇಶ ಮೊದಲಾದವುಗಳ ವಿಧಿಯನ್ನು ಕೇಳುವಂಥವು. ಈ ಪತ್ರವಾದರೋ ಅಡುಗೆಮನೆಯ ವಿಚಾರವಾಗಿ ಬಂದದ್ದು. ಓದಿ ಮುಗಿಸಿದ ಮೇಲೆ ಇದು ಬರಿಯ ಅಡುಗೆಯ ವಿಚಾರವಾಗಿ ನಮಗೆ ತೋರಲಿಲ್ಲ. ಆ ತಾಯಿಯ ಒಪ್ಪಿಗೆಯನ್ನು ಪಡೆದು, ಮನೆತನದ ಗುರುತನ್ನು ಬಿಟ್ಟು, ಅದರ ಸಾರಾಂಶವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತಿಂಗಳಿಗೆ ಎರಡು ಬಾರಿ ಊರಿಗೆ ಬರುವ ರೂಢಿ. ಒಂದು ಭಾನುವಾರ ಬಂದವನು, ಈ ದಿನದ ಅಡುಗೆ ತನ್ನದೆಂದು ಹೇಳಿ ಒಲೆಯ ಮುಂದೆ ನಿಂತ. ಹಿಂದಿನ ರಾತ್ರಿಯೇ ನೆನೆಯಿಟ್ಟಿದ್ದ ರಾಜ್ಮಾ ಕಾಳನ್ನು ಬೇಯಿಸಿ, ಮಸೆದು, ಉಂಡೆ ಕಟ್ಟಿ, ಟೊಮೆಟೊ ಗೊಜ್ಜಿನಲ್ಲಿ ಹಾಕಿದ. ಮನೆಯ ಹಿರಿಯರಾದ ಅಜ್ಜಿ, "ಏನಪ್ಪಾ ಇದು?" ಎಂದು ಕೇಳಿದರು. "ಬೀನ್ಸ್ ಮೀಟ್‌ಬಾಲ್ ಅಜ್ಜಿ, ಮೆಕ್ಸಿಕೋ ದೇಶದ ರುಚಿ" ಎಂದು ಅವನು ಉತ್ಸಾಹದಿಂದ ಹೇಳಿದ. ಮೀಟ್ ಎಂದರೆ ಮಾಂಸವೆಂಬುದು ಅಜ್ಜಿಗೆ ಗೊತ್ತು. ಎಪ್ಪತ್ತು ವರ್ಷಗಳಿಂದ ಪೂಜೆಯನ್ನು ತಪ್ಪಿಸದೆ, ಲಿಂಗಕ್ಕೆ ಅರ್ಪಿಸದೆ ತುತ್ತು ಎತ್ತದೆ ಬಾಳಿದ ಜೀವ ಅದು. ಒಂದು ಮಾತನ್ನೂ ಆಡದೆ ಎದ್ದು ಹೋದರು. ಅಂದಿನಿಂದ ತಮ್ಮ ಅಡುಗೆಯನ್ನು ಹಿತ್ತಿಲ ಕೋಣೆಯಲ್ಲಿ ಪ್ರತ್ಯೇಕವಾಗಿ ಮಾಡಿಕೊಳ್ಳುತ್ತಿದ್ದಾರೆ. ಮಗನೂ ಬೇಸರಗೊಂಡು ಮೂರು ವಾರಗಳಿಂದ ಊರಿನ ಕಡೆ ಬಂದಿಲ್ಲ.

ಪತ್ರದ ಕೊನೆಯಲ್ಲಿ ಆ ತಾಯಿ ಮೂರು ಮಾತುಗಳನ್ನು ಬರೆದಿದ್ದರು. ಮೊದಲನೆಯದು: "ಶಾಸ್ತ್ರಿಗಳೇ, ಇದನ್ನು ಲಿಂಗಕ್ಕೆ ಅರ್ಪಿಸಬಹುದೇ, ಬಾರದೇ? ನೀವು ಹೇಳಿದರೆ ಅತ್ತೆ ಕೇಳುತ್ತಾರೆ." ಎರಡನೆಯದು: "ಜೊತೆಯವರೆಲ್ಲ ಮಧ್ಯಾಹ್ನ ಮಾಂಸ ತರಿಸಿಕೊಳ್ಳುವಾಗ ನನ್ನ ಮಗ ಇದನ್ನು ಮಾಡಿಕೊಂಡು ಡಬ್ಬಿಯಲ್ಲಿ ಒಯ್ಯುತ್ತಾನಂತೆ. ಅವರ ಪಂಕ್ತಿಯಲ್ಲಿ ಕೂತು ತನ್ನ ನೇಮ ಬಿಡದಿರಲು ಇದನ್ನು ಕಲಿತನಂತೆ. ಇದನ್ನು ಅತ್ತೆಯ ಮುಂದೆ ಹೇಳುವ ಅವಕಾಶವೇ ಅವನಿಗೆ ಸಿಗಲಿಲ್ಲ." ಮೂರನೆಯದು: "ನಮ್ಮದು ರೇಷ್ಮೆ ಹುಳು ಸಾಕಿ ಗೂಡು ಮಾರುವ ಮನೆ. ಗೂಡು ಕುದಿಯುವ ನೀರಿಗೆ ಬೀಳುವುದು ನಮಗೂ ಗೊತ್ತು, ಅತ್ತೆಗೂ ಗೊತ್ತು. ಒಂದು ಹೆಸರಿಗೆ ಇಷ್ಟು ಹೆದರುವ ನಮಗೆ ಅದೇಕೆ ನೆನಪಾಗುವುದಿಲ್ಲ?"

ಮೂರನೆಯ ಪ್ರಶ್ನೆ ದೊಡ್ಡದು. ಅನ್ನ ಕೊಡುವ ಕಾಯಕವನ್ನು ಒಂದು ಮಾತಿನಲ್ಲಿ ತಪ್ಪೆನ್ನುವುದು ನಮ್ಮಿಂದಾಗದು. ಆ ತಾಯಿಯ ಮನಸ್ಸಿನ ನೋವನ್ನು ಅಲ್ಲಗಳೆಯುವುದೂ ಆಗದು. ಅದನ್ನು ಈ ಪುಟದಲ್ಲಿ ಮುಗಿಸುವೆವೆಂದು ನಟಿಸುವುದಿಲ್ಲ. ಮೊದಲ ಎರಡಕ್ಕೆ ಉತ್ತರ ಹೇಳುವ ಮುನ್ನ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಸುಮಾರು 30 ವರ್ಷಗಳ ಹಿಂದೆ ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿವಾನುಭವ ಗೋಷ್ಠಿಗೆಂದು ನಮ್ಮನ್ನು ಕರೆದಿದ್ದರು. ಮಠದಲ್ಲಿ ಓದಿ ಬಂದ ಹೊಸ ಬಿಸಿ. ನಾಲ್ಕು ಜನ ಶಾಸ್ತ್ರಿಗಳೆಂದು ಕರೆಯುವ ಹೆಮ್ಮೆ. ಗೋಷ್ಠಿಯ ತರುವಾಯ ಪ್ರಸಾದದ ಪಂಕ್ತಿ. ಆ ಮನೆಗೆ ಹೊಸದಾಗಿ ಬಂದ ಸೊಸೆ, ತನ್ನ ತವರಿನ ರೀತಿಯಲ್ಲಿ ಅಲಸಂದೆ ಕಾಳನ್ನು ರುಬ್ಬಿ, ಉಂಡೆ ಕಟ್ಟಿ, ಎಣ್ಣೆಯಲ್ಲಿ ಕರಿದು, ಕೆಂಪಗಿನ ಗೊಜ್ಜಿನಲ್ಲಿ ಹಾಕಿ ಬಡಿಸಿದಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ನೋಡುವುದಕ್ಕೆ ಕೈಮದ ಉಂಡೆ ಕಂಡ ಹಾಗೆ ಆಗುತ್ತದೆ" ಎಂದು ಮೆಲ್ಲನೆ ನುಡಿದರು. ಅದರೊಳಗೇನಿದೆ ಎಂದು ನಾವು ಕೇಳಲಿಲ್ಲ. ಉಂಡೆಗಳನ್ನು ಎಲೆಯ ಅಂಚಿಗೆ ಸರಿಸಿಬಿಟ್ಟೆವು. ನಮ್ಮನ್ನು ನೋಡಿ ಪಂಕ್ತಿಯೇ ಸರಿಸಿತು. ಬಡಿಸಿದ ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂದು ಅರ್ಧ ಗಂಟೆಯ ಮೊದಲು ಉಪದೇಶಿಸಿದವರೂ ನಾವೇ.

ಆ ಹೆಣ್ಣುಮಗಳು ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮತ್ತೆಂದೂ ಸಮಾಜದ ಪಂಕ್ತಿಯಲ್ಲಿ ಬಡಿಸಲು ನಿಲ್ಲಲಿಲ್ಲವೆಂಬ ಸಂಗತಿ ಬಹಳ ವರ್ಷಗಳ ಅನಂತರ ನಮ್ಮ ಕಿವಿಗೆ ಬಿತ್ತು. ಆದುದರಿಂದ ಶಿಡ್ಲಘಟ್ಟದ ಪತ್ರವನ್ನು ಓದಿದಾಗ ಅಜ್ಜಿಯ ಕಡೆಗೂ ಮೊಮ್ಮಗನ ಕಡೆಗೂ ನಮ್ಮ ಮನಸ್ಸು ಹರಿಯಿತು. ಅಜ್ಜಿ ಮಾಡಿದ್ದನ್ನೇ ಅಂದು ನಾವೂ ಮಾಡಿದ್ದೆವು.

ಇನ್ನು ಹೆಸರಿನ ವಿಚಾರ. ಮೆಕ್ಸಿಕೋ ದೇಶದ ಜನ ಇಂದು ಸ್ಪ್ಯಾನಿಷ್ ಭಾಷೆಯನ್ನು ಆಡುತ್ತಾರೆ. ಆ ಭಾಷೆಯಲ್ಲಿ ಇಂತಹ ಉಂಡೆಗೆ ‘ಆಲ್ಬೊಂಡಿಗ’ ಎಂದು ಹೆಸರು. ಇದು ಅರಬ್ಬೀ ಭಾಷೆಯಿಂದ ಸ್ಪೇನಿಗೆ ಬಂದ ಶಬ್ದ. ಮೂಲದಲ್ಲಿ ಅದು ಒಂದು ಬಗೆಯ ದುಂಡನೆಯ ಬೀಜದ ಹೆಸರು. ದುಂಡಗೆ ಪುಟ್ಟದಾಗಿರುವುದಕ್ಕೆಲ್ಲ ಅದೇ ಹೆಸರಾಯಿತು. ನಮ್ಮ ‘ಉಂಡೆ’ ಎಂಬ ಮಾತೂ ಹಾಗೆಯೇ. ಎಳ್ಳಿನದೂ ಉಂಡೆ, ನೂಲಿನದೂ ಉಂಡೆ. (ಆಲ್ಬೊಂಡಿಗದಲ್ಲಿ ನಮ್ಮ ಬೋಂಡದ ಧ್ವನಿ ಕೇಳಿಸುವುದು ನಿಜ, ಆದರೆ ಅಷ್ಟರಿಂದಲೇ ಸಂಬಂಧ ಕಲ್ಪಿಸುವ ಧೈರ್ಯ ನಮಗಿಲ್ಲ.) ಆ ದೇಶದಲ್ಲಿ ಆಲ್ಬೊಂಡಿಗವನ್ನು ಮಾಂಸದಿಂದಲೇ ಮಾಡುವುದು ರೂಢಿ ಎಂಬುದನ್ನು ಮುಚ್ಚಿಡುವುದು ಬೇಡ. ಆದರೆ ಶಬ್ದ ಹೇಳುವುದು ಆಕಾರವನ್ನು. ಹೆಸರಿನಲ್ಲಿ ಮಾಂಸವನ್ನು ಸೇರಿಸಿದ್ದು ಇಂಗ್ಲಿಷ್ ಭಾಷೆ. ನಮ್ಮ ಹುಡುಗ ಇಂಗ್ಲಿಷಿನಲ್ಲಿ ಕಲಿತ, ಇಂಗ್ಲಿಷಿನಲ್ಲಿ ಹೇಳಿದ. ಅಜ್ಜಿಯ ಎದೆಗೆ ಅದು ತಾಗಿತು.

ಆಕಾರವನ್ನು ನೋಡಿದರೆ ಕಾಳಿನ ಉಂಡೆ ನಮಗೇನು ಹೊಸದೇ? ತೊಗರಿಬೇಳೆಯನ್ನು ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಕಾಯಿತುರಿ ಸೇರಿಸಿ ಹಬೆಯಲ್ಲಿ ಬೇಯಿಸುವ ನುಚ್ಚಿನುಂಡೆಯನ್ನು ತಿನ್ನದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಅದೇ ಉಂಡೆಯನ್ನು ಮಜ್ಜಿಗೆಹುಳಿಯಲ್ಲಿ ಬಿಡುವವರುಂಟು, ಕುದಿಯುವ ಸಾರಿನಲ್ಲಿ ಬಿಡುವವರುಂಟು. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಬರೆದನು. ಶಾಕಪಾಕಗಳನ್ನೇ ಹೇಳುವ ಆ ಗ್ರಂಥದ ಕಾಲಕ್ಕೆ ನಮ್ಮವರ ಖಾರವೆಂದರೆ ಕರಿಮೆಣಸು. ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಬಂದ ಮೇಲೆ, ಮೆಣಸಿನಂತೆ ಖಾರವಾದ ಕಾಯಿ ಎಂದು ಅದಕ್ಕೆ ನಮ್ಮವರು ಹೆಸರಿಟ್ಟರು.

ಎಲ್ಲಿಂದ ಬಂತೆಂದು ಕೇಳಿದರೆ, ಉತ್ತರ ಆ ಮೆಕ್ಸಿಕೋ ಸೀಮೆಯೇ. ಕೊಲಂಬಸನು 1492ರಲ್ಲಿ ಅಮೆರಿಕ ಖಂಡದ ದ್ವೀಪಗಳನ್ನು ಮುಟ್ಟಿದನು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1521ರಲ್ಲಿ ಸ್ಪೇನಿನವರು ಮೆಕ್ಸಿಕೋದ ಅಜ್ಟೆಕ್ ರಾಜಧಾನಿಯನ್ನು ಗೆದ್ದರು. ಈ ಹಡಗುಗಳ ಓಡಾಟದಲ್ಲಿ ಮೆಣಸಿನಕಾಯಿ, ಮುಸುಕಿನ ಜೋಳ, ಟೊಮೆಟೊ, ಹುರುಳಿಕಾಯಿ, ಸೀಬೆ, ಪರಂಗಿ ಇವೆಲ್ಲ ಕಾಲಕ್ರಮದಲ್ಲಿ ನಮ್ಮ ನೆಲಕ್ಕೆ ಇಳಿದವು. ‘ಟೊಮೆಟೊ’ ಎಂಬುದು ಅಜ್ಟೆಕ್ ಜನರ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬ ಶಬ್ದದಿಂದ ಬಂದದ್ದು. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟುಗಳನ್ನು ಇಳಿಸುವ ರೈತ ದಿನಕ್ಕೆ ನೂರು ಬಾರಿ ಅಜ್ಟೆಕ್ ಮಾತನ್ನು ಆಡುತ್ತಾನೆ, ತನಗೆ ತಿಳಿಯದೆಯೇ.

ಕೊಟ್ಟು ತೆಗೆದುಕೊಳ್ಳುವುದು ಎರಡು ಕಡೆಗೂ ನಡೆಯಿತು. ಇಂದು ಮೆಕ್ಸಿಕೋದ ಅಡುಗೆಯೆಂದರೆ ಕೊತ್ತಂಬರಿ ಸೊಪ್ಪು, ಜೀರಿಗೆ, ನಿಂಬೆಹುಳಿ ಇಲ್ಲದೆ ಆಗದು. ಈ ಮೂರೂ ಅಲ್ಲಿಗೆ ನಮ್ಮ ಕಡೆಯ ಭೂಖಂಡಗಳಿಂದ ಸ್ಪೇನಿನವರ ಮೂಲಕ ಹೋದವು. ಅವರ ಮೆಣಸಿನಕಾಯಿ ಇಲ್ಲದೆ ನಮ್ಮ ಸಾರಿಲ್ಲ; ಈ ಕಡೆಯ ಜೀರಿಗೆ ಇಲ್ಲದೆ ಅವರ ಗೊಜ್ಜಿಗೆ ರುಚಿಯಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಗೌರಿಬಿದನೂರಿನ ಸೀಮೆಯಲ್ಲಿ ಮಳೆಗಾಲದಲ್ಲಿ ಹೊಲಗಳ ತುಂಬ ಮುಸುಕಿನ ಜೋಳ. ಚಿಂತಾಮಣಿಯಲ್ಲಿ ಟೊಮೆಟೊ. ಚಿಕ್ಕಬಳ್ಳಾಪುರದ ತರಕಾರಿ ಮಾರುಕಟ್ಟೆಯಲ್ಲಿ ಹುರುಳಿಕಾಯಿ. ಶಿಡ್ಲಘಟ್ಟದ ಹಿತ್ತಿಲುಗಳಲ್ಲಿ ಹಿಪ್ಪುನೇರಳೆಯ ಜೊತೆಗೆ ದೊಡ್ಡಪತ್ರೆ, ಕರಿಬೇವು, ನಿಂಬೆ. ರಾಜ್ಮಾ ಬೇರೆ ಯಾವುದೋ ಕಾಳೆಂದು ಹಲವರು ತಿಳಿದಿದ್ದಾರೆ. ನಾವು ಪಲ್ಯ ಮಾಡುವ ಹುರುಳಿಕಾಯಿಯೂ ರಾಜ್ಮಾವೂ ಒಂದೇ ಜಾತಿಯ ಬಳ್ಳಿ. ಎಳೆಯ ಕಾಯಿಗಾಗಿ ಬೆಳೆಸಿದ ತಳಿ ಒಂದು, ಬಲಿತ ಕಾಳಿಗಾಗಿ ಬೆಳೆಸಿದ ತಳಿ ಇನ್ನೊಂದು. (ಸಾರು ಮಾಡುವ ಹುರುಳಿಕಾಳು ಇದಲ್ಲ, ಅದು ನಮ್ಮ ನೆಲದ್ದೇ ಆದ ಬೇರೆ ಧಾನ್ಯ.) ಮೆಕ್ಸಿಕೋದ ಬಡವನ ನಿತ್ಯದ ಊಟ ಮುಸುಕಿನ ಜೋಳದ ರೊಟ್ಟಿ ಮತ್ತು ಬೇಯಿಸಿದ ಕಾಳು, ನಮ್ಮ ಬಡವನದು ರಾಗಿಮುದ್ದೆ ಮತ್ತು ಕಾಳಿನ ಸಾರು. ಧಾನ್ಯದಲ್ಲಿ ಕೊರತೆಯಾದ ಸಸಾರಜನಕದ ಅಂಶವನ್ನು ಕಾಳು ತುಂಬುತ್ತದೆ. ಕಾಳಿನಲ್ಲಿ ಕೊರತೆಯಾದದ್ದನ್ನು ಧಾನ್ಯ ತುಂಬುತ್ತದೆ. ಒಣಗಿದ ರಾಜ್ಮಾದ 100 ಗ್ರಾಂನಲ್ಲಿ 20 ಗ್ರಾಂಗೂ ಮೀರಿದ ಸಸಾರಜನಕವಿದೆ. ಮಾಂಸ ತಿನ್ನದಿದ್ದರೆ ಶಕ್ತಿ ಎಲ್ಲಿಂದ ಎಂದು ಕಛೇರಿಯಲ್ಲಿ ಕೇಳುವವರಿಗೆ ನಮ್ಮ ಮಕ್ಕಳು ಇಷ್ಟನ್ನು ಹೇಳಿದರೆ ಸಾಕು.

ಈಗ ಮಾಡುವ ಕ್ರಮವನ್ನು ಹೇಳುತ್ತೇವೆ. ಬಾಲ್ಯದಲ್ಲಿ ಮಠದ ಅಡುಗೆಮನೆಯಲ್ಲಿ ಕಾಯಕ ಮಾಡಿದ ಕೈ ನಮ್ಮದು. ಹುಡುಗನಿಂದ ಬರೆಸಿಕೊಂಡ ಕ್ರಮವನ್ನು ಗೌರಿಬಿದನೂರಿನ ಭಕ್ತರ ಮನೆಯೊಂದರಲ್ಲಿ ಮೂರು ಬಾರಿ ಮಾಡಿಸಿ, ತಪ್ಪುಗಳನ್ನು ತಿದ್ದಿಯೇ ಬರೆಯುತ್ತಿದ್ದೇವೆ.

ಉಂಡೆಗೆ ಬೇಕಾದವು: ರಾಜ್ಮಾ 200 ಗ್ರಾಂ, ಹುರಿಗಡಲೆಯ ಪುಡಿ 4 ದೊಡ್ಡ ಚಮಚ, ಮುಸುಕಿನ ಜೋಳದ ಹಿಟ್ಟು 3 ದೊಡ್ಡ ಚಮಚ, ಹುರಿದು ಪುಡಿಮಾಡಿದ ಜೀರಿಗೆ 1 ಚಿಕ್ಕ ಚಮಚ, ಹಸಿಮೆಣಸಿನಕಾಯಿ 2, ಒಂದು ಹಿಡಿ ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು.

ಗೊಜ್ಜಿಗೆ ಬೇಕಾದವು: ಹಣ್ಣಾದ ಟೊಮೆಟೊ ಅರ್ಧ ಕಿಲೋ, ಬ್ಯಾಡಗಿ ಮೆಣಸಿನಕಾಯಿ 4, ಜೀರಿಗೆ 1 ಚಿಕ್ಕ ಚಮಚ, ಲವಂಗ 2, ಬೆರಳಿನ ಗೆಣ್ಣಿನಷ್ಟು ಚಕ್ಕೆ, ದೊಡ್ಡಪತ್ರೆ ಎಲೆ 3, ಎಣ್ಣೆ 1 ದೊಡ್ಡ ಚಮಚ, ಅರ್ಧ ನಿಂಬೆಹಣ್ಣು, ಉಪ್ಪು. ಈರುಳ್ಳಿ ಬೆಳ್ಳುಳ್ಳಿ ಬಳಸುವ ಮನೆಯವರು ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಸೇರಿಸಬಹುದು. ಬಳಸದ ಮನೆಯವರಿಗೆ ಒಂದು ಚಿಟಿಕೆ ಇಂಗು ಸಾಕು. ಇದು ಅವರವರ ಮನೆಯ ಪದ್ಧತಿ.

ಮೊದಲನೆಯ ಎಚ್ಚರಿಕೆ ಕಾಳಿನದು. ರಾಜ್ಮಾವನ್ನು ರಾತ್ರಿಯೆಲ್ಲ, ಎಂದರೆ 8 ಗಂಟೆಗೆ ಕಡಿಮೆಯಿಲ್ಲದೆ ನೆನೆಯಿಡಬೇಕು. ನೆನೆದ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಐದಾರು ಕೂಗು ಬರಿಸಿ, ಮತ್ತೆ ಸಣ್ಣ ಉರಿಯಲ್ಲಿ 10 ನಿಮಿಷ ಬಿಡಬೇಕು. ಕಾಳು ಎರಡು ಬೆರಳ ನಡುವೆ ಬೆಣ್ಣೆಯಂತೆ ನುರಿಯಬೇಕು. ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ತರುವ ಒಂದು ಅಂಶವಿದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯದೆ ಸಣ್ಣ ಬಿಸಿಯಲ್ಲೇ ಗಂಟೆಗಟ್ಟಲೆ ಇಟ್ಟರೆ ಸಾಲದು.

ಎರಡನೆಯ ಎಚ್ಚರಿಕೆ ನೀರಿನದು. ನಮ್ಮ ಮೊದಲ ಸಲದ ಉಂಡೆಗಳು ಗೊಜ್ಜಿಗೆ ಬಿದ್ದೊಡನೆ ಕರಗಿ ಹೋದವು. ಕಾಳಿನಲ್ಲಿ ನೀರು ಉಳಿದದ್ದೇ ಕಾರಣ. ಬೆಂದ ಕಾಳನ್ನು ಬಸಿದು, ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಲು ಬಿಡಿ. ಬಸಿದ ಕಟ್ಟನ್ನು ಚೆಲ್ಲದೆ ಗೊಜ್ಜಿಗೆ ಇಟ್ಟುಕೊಳ್ಳಿ. ಕಾಳಿನ ಮುಕ್ಕಾಲು ಪಾಲನ್ನು ನುಣ್ಣಗೆ, ಕಾಲು ಪಾಲನ್ನು ತರಿಯಾಗಿ ಮಸೆಯಿರಿ. ಒಲೆಯ ಮೇಲೆ ಬೆಚ್ಚಗೆ ಹುರಿದ ಜೋಳದ ಹಿಟ್ಟು, ಹುರಿಗಡಲೆ ಪುಡಿ, ಜೀರಿಗೆ, ಹೆಚ್ಚಿದ ಮೆಣಸಿನಕಾಯಿ, ಸೊಪ್ಪು, ಉಪ್ಪು ಸೇರಿಸಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಹಿಟ್ಟು ಕೈಗೆ ಅಂಟದೆ ಉಂಡೆ ನಿಲ್ಲುವ ಹದಕ್ಕೆ ಬರುತ್ತದೆ. ಬಾರದಿದ್ದರೆ ಇನ್ನೊಂದು ಚಮಚ ಹುರಿಗಡಲೆ ಪುಡಿ. ನಿಂಬೆಗಾತ್ರದ ಸುಮಾರು 20 ಉಂಡೆಗಳಾಗುವುವು.

ಎಣ್ಣೆಯಲ್ಲಿ ಕರಿಯುವ ಅಗತ್ಯವಿಲ್ಲ. ಪಡ್ಡಿನ ಹಂಚಿನ ಒಂದೊಂದು ಗುಳಿಗೂ ನಾಲ್ಕು ಹನಿ ಎಣ್ಣೆ ಬಿಟ್ಟು, ಉಂಡೆಯಿಟ್ಟು, ಸಣ್ಣ ಉರಿಯಲ್ಲಿ ತಿರುಗಿಸುತ್ತ ಸುತ್ತಲೂ ಹೊಂಬಣ್ಣ ಬರಿಸಿದರೆ ಹೊರಗೆ ಗರಿ, ಒಳಗೆ ಮೆತ್ತಗೆ. ಹಂಚಿಲ್ಲದವರು ನುಚ್ಚಿನುಂಡೆಯಂತೆ ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಗೆ ಇಡಬಹುದು. ವೃದ್ಧರಿಗೆ ಇದೇ ಒಳ್ಳೆಯದು.

ಗೊಜ್ಜಿನ ಮರ್ಮ ಸುಡುವುದರಲ್ಲಿದೆ. ಮೆಕ್ಸಿಕೋದವರು ಟೊಮೆಟೊವನ್ನು ಒಣ ಹಂಚಿನ ಮೇಲಿಟ್ಟು ಸಿಪ್ಪೆ ಕಪ್ಪಾಗುವಂತೆ ಸುಡುತ್ತಾರೆ. ನಮ್ಮ ಹಿರಿಯರು ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡುತ್ತಿದ್ದರಲ್ಲವೇ, ಹಾಗೆ. ಅವರಲ್ಲಿ ಹೊಗೆಯಲ್ಲಿ ಒಣಗಿಸಿದ ಒಂದು ಬಗೆಯ ಮೆಣಸಿನಕಾಯಿಯೂ ಉಂಟು. ನಮಗೆ ಬ್ಯಾಡಗಿಯೇ ಸಾಕು. ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ಘಮ ಬರುವಂತೆ ಹುರಿದು, ಬಿಸಿನೀರಿನಲ್ಲಿ ನೆನೆಸಿ, ಸುಟ್ಟ ಟೊಮೆಟೊ, ಜೀರಿಗೆ, ಲವಂಗ, ಚಕ್ಕೆಗಳೊಡನೆ ರುಬ್ಬಿಕೊಳ್ಳಿ. ಎಣ್ಣೆ ಕಾಯಿಸಿ, ರುಬ್ಬಿದ್ದನ್ನು ಹಾಕಿ, ಹಸಿವಾಸನೆ ಹೋಗುವವರೆಗೆ ಬಾಡಿಸಿ, ಕಾಳಿನ ಕಟ್ಟು ಒಂದೂವರೆ ಬಟ್ಟಲು ಬೆರೆಸಿ 10 ನಿಮಿಷ ಕುದಿಸಿ. ಅವರು ಹಾಕುವ ಕಟುವಾದ ಸುವಾಸನೆಯ ಎಲೆಗೆ ನಮ್ಮ ದೊಡ್ಡಪತ್ರೆಯ ಪರಿಮಳ ಹತ್ತಿರ. ಮಗುವಿಗೆ ಕೆಮ್ಮು ಬಂದಾಗ ರಸ ಹಿಂಡುವ ಆ ಎಲೆಯನ್ನೇ ಸಣ್ಣಗೆ ಹೆಚ್ಚಿ ಹಾಕಿ. ಮೂರಕ್ಕಿಂತ ಹೆಚ್ಚಾದರೆ ಕಷಾಯವಾದೀತು. ಕಡೆಗೆ ಉಂಡೆಗಳನ್ನು ಬಿಟ್ಟು 5 ನಿಮಿಷ ಸಣ್ಣ ಉರಿ. ಇಳಿಸಿದ ಮೇಲೆ ನಿಂಬೆರಸ. ಜೋಳದ ರೊಟ್ಟಿಗೂ ಅಕ್ಕಿರೊಟ್ಟಿಗೂ ರಾಗಿಮುದ್ದೆಗೂ ಇದು ಹೊಂದುತ್ತದೆ.

ಪೇಟೆಯಿಂದ ಸಿದ್ಧವಾದದ್ದನ್ನು ತರುವವರಿಗೂ ಒಂದು ಮಾತು. ಆ ದೇಶದಲ್ಲಿ ಬೇಯಿಸಿದ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವ ಸಂಪ್ರದಾಯ ಉಂಟು. ಕೆಲವು ಬಗೆಯ ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುವುದೂ ಉಂಟು. ಕಾಳಿನ ಚಿತ್ರ ಕಂಡ ಮಾತ್ರಕ್ಕೆ ಡಬ್ಬಿಯನ್ನು ನಂಬದೆ, ಹಸಿರು ಚೌಕದೊಳಗಿನ ಹಸಿರು ಬಿಂದುವನ್ನು ನೋಡಿ, ಒಳಗಿನ ಪದಾರ್ಥಗಳ ಪಟ್ಟಿಯನ್ನು ಓದಿ ತರಬೇಕು. ಹೆಸರಿನಲ್ಲಿ ಮಾಂಸವಿದ್ದು ಒಳಗಿಲ್ಲದ್ದು ಒಂದು ಬಗೆ. ಹೆಸರಿನಲ್ಲಿಲ್ಲದೆ ಒಳಗಿರುವುದು ಇನ್ನೊಂದು ಬಗೆ. ಭಕ್ತನು ಹೆಚ್ಚು ಅಂಜಬೇಕಾದದ್ದು ಎರಡನೆಯದಕ್ಕೆ.

ಇನ್ನು ಮೊದಲ ಪ್ರಶ್ನೆಗೆ ನಮ್ಮ ಉತ್ತರ. ಮೇಲೆ ಹೇಳಿದಂತೆ ಮಾಡಿದ ಕಾಳಿನ ಉಂಡೆಯಲ್ಲಿ ಅರ್ಪಿತಕ್ಕೆ ಬಾರದ ವಸ್ತು ಯಾವುದೂ ಇಲ್ಲ. ನಿಸ್ಸಂಕೋಚವಾಗಿ ಅರ್ಪಿಸಬಹುದು. ಆದರೆ ಅರ್ಪಿಸುವಾಗ ಅದರ ಹೆಸರು ಅದರಲ್ಲಿರುವ ವಸ್ತುವಿನದಾಗಿರಲಿ. ಮಾಂಸದ ಹೆಸರನ್ನು ಹೊತ್ತು ಹಿರಿಯರ ಎದೆ ನಡುಗಿಸಬೇಕಾದ ಋಣ ನಮ್ಮ ಕಾಳಿಗಿಲ್ಲ. ಅಜ್ಜಿಯ ಅಂಜಿಕೆಯನ್ನು ಮೌಢ್ಯವೆಂದು ಮೊಮ್ಮಗ ತಿಳಿಯಬಾರದು. ಆ ಅಂಜಿಕೆಯಿಂದಲೇ ಅವನಿಗೆ ನೇಮ ಬಂದದ್ದು. ಹಿರಿಯರೂ ಕೂಡ ತೀರ್ಪು ಕೊಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಇದರೊಳಗೇನಿದೆ? ಇದನ್ನೇಕೆ ಉಣ್ಣುತ್ತೀಯೆ? ಅಂದು ಚಿಂತಾಮಣಿಯ ಪಂಕ್ತಿಯಲ್ಲಿ ನಾವು ಮೊದಲನೆಯದನ್ನಾದರೂ ಕೇಳಿದ್ದರೆ ಒಂದು ಹೆಣ್ಣುಮಗಳ ಕಣ್ಣೀರು ತಪ್ಪುತ್ತಿತ್ತು.

ಪತ್ರದಲ್ಲಿ ಬರೆದರೆ ಸಾಲದೆಂದು ತೋರಿ, ಹೋದ ವಾರ ಶಿಡ್ಲಘಟ್ಟದ ಆ ಮನೆಗೆ ನಾವೇ ಹೋಗಿದ್ದೆವು. ಹುಡುಗನನ್ನೂ ಬರಹೇಳಿದ್ದೆವು. ಅಜ್ಜಿಯ ಎದುರಿನಲ್ಲಿಯೇ, ಒಂದೊಂದು ಸಾಮಗ್ರಿಯನ್ನು ಹೆಸರು ಹೇಳಿ ತೋರಿಸಿ ಅವನು ಅಡುಗೆ ಮಾಡಿದ. ಅಷ್ಟರಲ್ಲಿ ನಮ್ಮ ಹಳೆಯ ಪಂಕ್ತಿಯ ಕಥೆಯನ್ನು ಅವರಿಗೆ ಹೇಳಿದೆವು. ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಆ ಮಗಳು ಈಗ ಎಲ್ಲಿದ್ದಾಳೆ, ಬುದ್ಧೀ?" ಎಂದರು. ನಮಗೆ ಗೊತ್ತಿರಲಿಲ್ಲ. "ಹುಡುಕಿ ಒಂದು ಮಾತು ಹೇಳಬೇಕು" ಎಂದರು. ಅಜ್ಜಿ ನಮಗೆ ಕೊಟ್ಟ ಅಪ್ಪಣೆ ಅದು, ನಡೆಸುವೆವು.

ಡಬ್ಬಿಯ ಸಂಗತಿಯನ್ನು ಹುಡುಗ ತಾನೇ ಅಜ್ಜಿಗೆ ಹೇಳಿದ. ಅಜ್ಜಿ ಅವನ ಮುಖವನ್ನೇ ನೋಡಿದರು, ಏನೂ ಅನ್ನಲಿಲ್ಲ. ಪೂಜೆ ಮುಗಿಸಿ ಬಂದು, ಲಿಂಗಕ್ಕೆ ಅರ್ಪಿಸಿ, ಒಂದು ಉಂಡೆಯನ್ನು ಮುದ್ದೆಯ ಜೊತೆ ಸೇವಿಸಿದರು. "ಉಪ್ಪು ಕಡಿಮೆ. ದೊಡ್ಡಪತ್ರೆ ಜಾಸ್ತಿ" ಎಂದರು. ತುಸು ತಡೆದು, "ರಾಜ್ಮಾ ಯಾಕೆ ಕೊಳ್ಳುತ್ತೀಯ? ಮನೆಯಲ್ಲಿ ಅಲಸಂದೆ ಇದೆ. ಮುಂದಿನ ಸಲ ನಾನು ನೆನೆಹಾಕಿರುತ್ತೇನೆ. ಯಾವಾಗ ಬರುತ್ತೀಯ?" ಎಂದು ಕೇಳಿದರು.

ಹೊರಡುವಾಗ ಆ ತಾಯಿ ತಮ್ಮ ಮೂರನೆಯ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಆದರೆ ಹುಳುಮನೆಯ ಬಾಗಿಲ ಬಳಿ ಒಂದು ಕ್ಷಣ ನಿಂತರು, ನಾವೂ ನಿಂತೆವು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.